ನಾನು ಓದಿ ಹೇಳದ ಹಕ್ಕು ಬಿಡುಗಡೆ ಪತ್ರ

2013ನೆಯ ಇಸವಿ. ಭಾಲ್ಕಿಯಲ್ಲಿ ನಾನು ಲೈಸೆನ್ಸ್ ಪಡೆದ ದಸ್ತಾವೇಜು ಬರಹಗಾರನಾಗಿ ಆಗಲೇ ಇಪ್ಪತ್ತೆರಡು ವರ್ಷ ಕಳೆದಿದ್ದವು. ದಸ್ತಾವೇಜು ಬರಹಗಾರ ಅನ್ನುವ ದೊಡ್ಡ ಹೆಸರು ಲೈಸೆನ್ಸಿನ ಮೇಲೆ ಮಾತ್ರ. ಊರವರಿಗೆ ನಾನು ಬಾಂಡ್ ರೈಟರ್. ಖರೀದಿ ಪತ್ರ, ದಾನಪತ್ರ, ಆಸ್ತಿ ಪಾಲು ಮಾಡುವ ವಾಟ್ಣಿ ಪತ್ರ, ಮೃತ್ಯುಪತ್ರ ಎಲ್ಲವನ್ನೂ ಬರೆಯುತ್ತಿದ್ದೆ. ನನ್ನ ಒಕ್ಕಣೆಯಲ್ಲಿ ತಪ್ಪು ಹುಡುಕಿದ ವಕೀಲ ಭಾಲ್ಕಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಚಹಾದಂಗಡಿಯಲ್ಲಿ ಕುಳಿತು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಮಾತು ಸುಳ್ಳೇನಲ್ಲ. ಭಾಗೀರಥಿಬಾಯಿಯ ಪತ್ರದಲ್ಲೂ ಒಕ್ಕಣೆಯ ತಪ್ಪು ಒಂದೂ ಇರಲಿಲ್ಲ.

ಕಥೆಗೆ ಹೋಗುವ ಮೊದಲು ನಮ್ಮ ಕೆಲಸದ ಎರಡು ಮಾತು ಹೇಳಬೇಕು. ಹೊಲದ ಯಜಮಾನ ತೀರಿಕೊಂಡರೆ ಆ ಹೊಲ ಮುಂದಿನವರಿಗೆ ಹೋಗುವ ದಾರಿಗಳು ಬೇರೆ ಬೇರೆ. ಸತ್ತವನು ಮೃತ್ಯುಪತ್ರ ಬರೆದಿಟ್ಟಿದ್ದರೆ ಅದರ ಪ್ರಕಾರ ಹೋಗುತ್ತದೆ. ತಕರಾರು ಎದ್ದರೆ ಆ ಪತ್ರ ಖರೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಪ್ರೊಬೇಟ್ ಅನ್ನುವುದು ಅದಕ್ಕೇ. ಆದರೆ ನಮ್ಮ ಕಡೆ ಮೃತ್ಯುಪತ್ರ ಬರೆಸುವವರು ಬಹಳ ಕಡಿಮೆ. ಜೀವ ಇರುವಾಗಲೇ ಸಾವಿನ ಕಾಗದ ಯಾಕೆ ಅನ್ನುತ್ತಾರೆ. ಮೃತ್ಯುಪತ್ರ ಇಲ್ಲದಿದ್ದರೆ ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರ ಹೆಸರೂ ಸಮನಾಗಿ ಪಹಣಿಗೆ ಏರಬೇಕು. ಜನ ಇದಕ್ಕೆ ‘ವಾರಸಾ ಮಾಡಸೋದು’ ಅನ್ನುತ್ತಾರೆ. ಆ ವಾರಸುದಾರರಲ್ಲಿ ಯಾರಾದರೂ ತಮ್ಮ ಪಾಲನ್ನು ಬಿಟ್ಟುಕೊಟ್ಟರೆ ಅದಕ್ಕೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಹೀಗೆ ಬಿಟ್ಟುಕೊಡುವವರು ನೂರಕ್ಕೆ ನೂರು ಹೆಣ್ಣುಮಕ್ಕಳೇ. ಇಷ್ಟು ವರ್ಷಗಳಲ್ಲಿ ಅಣ್ಣನೊಬ್ಬ ತಂಗಿಗೆ ಹಕ್ಕು ಬಿಟ್ಟದ್ದನ್ನು ನಾನು ಬರೆದಿಲ್ಲ.

ಈ ಕೆಲಸಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಅಕ್ಕತಂಗಿಯರು ಹೆಬ್ಬೆಟ್ಟು ಒತ್ತಿ ನೋಂದಣಿ ಕಚೇರಿಯಿಂದ ಹೊರಗೆ ಬಂದ ಮೇಲೆ ಅಲ್ಲೇ ಅಂಗಳದ ಬೇವಿನ ಗಿಡದ ಕೆಳಗೆ ಅಣ್ಣನ ಹೆಂಡತಿ ಅವರಿಗೆ ಉಡಿ ತುಂಬುತ್ತಾಳೆ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಕುಬಸದ ಕಣ ಹಾಕುತ್ತಾಳೆ. ಅನುಕೂಲ ಇದ್ದವರು ಸೀರೆಯನ್ನೂ ಕೊಡುತ್ತಾರೆ. ಒಂದಕ್ಷರ ಬಾರದ ಹೆಣ್ಣುಮಗಳಿಗೂ ಇದರ ಅರ್ಥ ಗೊತ್ತು. ಹೊಲ ಕೈಬಿಟ್ಟಿತು, ತವರುಮನೆಯ ಬಾಗಿಲು ತೆರೆದಿರುತ್ತದೆ. ಕೆಲವರು ಉಡಿ ತುಂಬಿಸಿಕೊಳ್ಳುವಾಗ ಅಳುತ್ತಿದ್ದರು. ಅಪ್ಪನ ನೆನಪಾಗಿ ಅಳುತ್ತಾರೆ ಎಂದು ನಾನು ತಿಳಿದಿದ್ದೆ. ನಾನು ಎಂಥಾ ಶಾಣ್ಯಾ ನೋಡಿ.

ಆ ವರ್ಷ ಮಳೆಗಾಲ ಶುರುವಾದಾಗ ವೈಜಿನಾಥ ಅನ್ನುವ ನಲವತ್ತರ ಆಸುಪಾಸಿನ ಮನುಷ್ಯ ನನ್ನ ಟೇಬಲ್ಲಿಗೆ ಬಂದ. ಬೀದರಿನ ನೌಬಾದದಲ್ಲಿ ಮನೆ, ಅಲ್ಲೇ ಹಾರ್ಡ್‌ವೇರ್ ಅಂಗಡಿ. ಮೂಲ ಊರು ಭಾಲ್ಕಿ ತಾಲೂಕಿನ ಸಾಯಗಾಂವ ಕಡೆ. ಅಪ್ಪ ಮಾಣಿಕಪ್ಪ ಕುರಿ ಸಾಕಿ, ಒಣಭೂಮಿಯಲ್ಲಿ ತೊಗರಿ, ಉದ್ದು ಬೆಳೆದು ಬದುಕಿದವನು, ತೀರಿಹೋಗಿ ಎರಡು ತಿಂಗಳಾಗಿತ್ತು. ತಾಯಿ ಮೊದಲೇ ಇಲ್ಲ. ಹೊಲ ಆರು ಎಕರೆ ಹತ್ತು ಗುಂಟೆ. ವಾರಸುದಾರರು ಇಬ್ಬರೇ: ವೈಜಿನಾಥ ಮತ್ತು ಅವನ ಅಕ್ಕ ಭಾಗೀರಥಿಬಾಯಿ.

“ಅಕ್ಕನ ಹಕ್ಕು ಬಿಡಸಬೇಕು ರೈಟರ್ ಸಾಬ್. ಕಾಗದ ಎಲ್ಲಾ ತಯಾರ್ ಅವ. ನಾಳಿ ಅಕಿನ್ನ ಕರ್ಕೊಂಡು ಬರ್ತೇನಿ, ಜಲ್ದಿ ಮುಗಸ್ರಿ” ಅಂದ.

ಪಹಣಿ, ಅಪ್ಪನ ಮರಣ ಪತ್ರ, ವಂಶಾವಳಿ ಎಲ್ಲ ಕ್ರಮವಾಗಿದ್ದವು. ಕಂಪ್ಯೂಟರಿನಲ್ಲಿ ಹಿಂದೆ ಬರೆದ ಹಕ್ಕು ಬಿಡುಗಡೆ ಪತ್ರ ಒಂದನ್ನು ತೆರೆದೆ. ಹೆಸರು, ವಯಸ್ಸು, ಸರ್ವೆ ನಂಬರು, ಚೆಕ್ಕುಬಂದಿ ಬದಲಿಸಿದೆ. ಉಳಿದದ್ದನ್ನು ಮುಟ್ಟಲಿಲ್ಲ. ಆ ಉಳಿದ ಭಾಗದ ಕೊನೆಯಲ್ಲಿ ನಾನು ಬರೆದ ಪ್ರತಿಯೊಂದು ಪತ್ರದಲ್ಲೂ ಇರುವ ಸಾಲು ಇತ್ತು: “ಈ ಪತ್ರವನ್ನು ಓದಿಸಿ ಕೇಳಿ, ಅದರ ಒಕ್ಕಣೆಯನ್ನು ತಿಳಿದು, ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಹೆಬ್ಬೆಟ್ಟು ಗುರುತು ಮಾಡಿರುತ್ತೇನೆ.” ನಾವು ರೈಟರುಗಳು ಯಾರೂ ಓದಿ ಹೇಳುತ್ತಿರಲಿಲ್ಲ. ಓದಿದೆವು ಎಂದು ಮಾತ್ರ ಬರೆಯುತ್ತಿದ್ದೆವು. ಅದರಲ್ಲಿ ತಪ್ಪಿದೆ ಎಂದು ನಮಗೆ ಅನ್ನಿಸುತ್ತಲೂ ಇರಲಿಲ್ಲ, ಪತ್ರದ ತಲೆಯ ಮೇಲೆ ಶ್ರೀಕಾರ ಹಾಕಿದ ಹಾಗೆ ಅದೂ ಒಂದು.

ಮರುದಿನ ಅಕ್ಕತಮ್ಮ ಇಬ್ಬರೂ ಬಂದರು. ಭಾಗೀರಥಿಬಾಯಿಗೆ ನಲವತ್ತೈದು ಇರಬಹುದು. ಗಟ್ಟಿಮುಟ್ಟಾದ ಹೆಂಗಸು, ಬಿಸಿಲಿಗೆ ಕಪ್ಪಾದ ಮುಖ, ಕುಂಕುಮ ಇಲ್ಲದ ಹಣೆ. ಔರಾದ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರಂತೆ. ಗಂಡ ತೀರಿದ ಮೇಲೆ ಮೈದುನರು ಅವಳನ್ನು ಹೊರಗೆ ಹಾಕಿದರು. ಮಕ್ಕಳಿರಲಿಲ್ಲ. ಹನ್ನೆರಡು ವರ್ಷದಿಂದ ಅಪ್ಪನ ಹೊಲದಲ್ಲೇ ಒಂದು ತಗಡಿನ ಕೋಣೆಯಲ್ಲಿ ಇದ್ದು, ಕುರಿ ಕಾಯುತ್ತ, ಕೊನೆಗೆ ಹಾಸಿಗೆ ಹಿಡಿದ ಅಪ್ಪನನ್ನೂ ನೋಡಿಕೊಂಡಿದ್ದಳು. ಇದೆಲ್ಲ ನನಗೆ ಅವತ್ತು ಗೊತ್ತಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು.

ಹಿಂದಿನ ದಿನ ಸರ್ವರ್ ಕೆಟ್ಟು ಕೆಲಸ ನಿಂತಿದ್ದರಿಂದ ಅವತ್ತು ಎರಡು ದಿನದ ಜನ ಒಂದೇ ದಿನ ಸೇರಿದ್ದರು. ನನ್ನ ಟೇಬಲ್ಲಿನ ಸುತ್ತ ನಿಲ್ಲಲು ಜಾಗ ಇರಲಿಲ್ಲ. ಹೆಬ್ಬೆಟ್ಟಿಗೆ ಮಸಿ ಹಚ್ಚುವಾಗ ಅವಳು ನನ್ನನ್ನು ಒಂದೇ ಒಂದು ಮಾತು ಕೇಳಿದಳು.

“ಇದರಾಗ ನನ್ನ ಹೆಸರು ಅದ ಏನ್ರಿ ಅಣ್ಣಾರ?”

“ಅದ ತಂಗಿ. ಮೊದಲನೆ ಸಾಲಿನಾಗೇ ಅದ” ಅಂದೆ.

ಸುಳ್ಳಲ್ಲ. ಹಕ್ಕು ಬಿಡುಗಡೆ ಪತ್ರದಲ್ಲಿ ಬಿಟ್ಟುಕೊಡುವವರ ಹೆಸರೇ ಮೊದಲು ಬರುತ್ತದೆ. ಅವಳ ಮುಖ ಅರಳಿತು. ಹೆಬ್ಬೆಟ್ಟು ಎಲ್ಲಿ ಅಂದರೆ ಅಲ್ಲಿ ಒತ್ತಿದಳು. ಒಳಗೆ ಸಬ್ ರಿಜಿಸ್ಟ್ರಾರ್ ಸಾಹೇಬರ ಎದುರು ಹೋದಾಗ ಅವರು ನಿಯಮದಂತೆ ಕೇಳಿದರು, “ಇದು ನೀವು ಬರಕೊಟ್ಟಿದ್ದೇ ಹೌದಾ? ಒಪ್ಪಿಗೆ ಅದಾ?” ಅವಳು ತಿರುಗಿ ನನ್ನ ಮುಖ ನೋಡಿದಳು. ಹಿಂದೆ ಇನ್ನೂ ನಾಲ್ಕು ಪಾರ್ಟಿಗಳು ನನ್ನನ್ನೇ ಕಾಯುತ್ತಿದ್ದವು. “ಹ್ಞೂಂ ಅನ್ರಿ ತಂಗಿ” ಅಂದೆ. “ಹ್ಞೂಂ ರಿ ಸಾಹೇಬ್ರ” ಅಂದಳು. ಫೋಟೊ ತೆಗೆದರು. ಮೂರು ಎಕರೆ ಐದು ಗುಂಟೆ ಅವಳಿಂದ ಹೋಯಿತು.

ಹೊರಗೆ ಬೇವಿನ ಗಿಡದ ಕೆಳಗೆ ಅವಳಿಗೆ ಯಾರೂ ಉಡಿ ತುಂಬಲಿಲ್ಲ. ನನ್ನ ಕಣ್ಣಿಗೆ ಅದು ಬಿದ್ದಿತ್ತು. ಗಂಡ ಇಲ್ಲದವಳು, ಅದಕ್ಕೇ ತುಂಬಿಲ್ಲ ಎಂದುಕೊಂಡು ಮುಂದಿನ ಪಾರ್ಟಿಯನ್ನು ಕರೆದೆ. ನಮ್ಮ ಜನರಲ್ಲಿ ವಿಧವೆಗೆ ಉಡಿ ತುಂಬುವುದಿಲ್ಲ. ತಮ್ಮ ಅವಳನ್ನು ಬಸ್‌ಸ್ಟ್ಯಾಂಡಿನ ಹೋಟೆಲ್ಲಿಗೆ ಕರೆದುಕೊಂಡು ಹೋಗಿ ಭಜಿ, ಚಹಾ ಕೊಡಿಸಿ ಊರಿನ ಬಸ್ಸು ಹತ್ತಿಸಿದ ಎಂದು ಆಮೇಲೆ ತಿಳಿಯಿತು.

ಹೆಚ್ಚುಕಡಿಮೆ ಎರಡು ವರ್ಷ ಹೋಯಿತು. 2015ರ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅವಳು ಒಬ್ಬಳೇ ಬಂದು ನನ್ನ ಟೇಬಲ್ಲಿನ ಎದುರು ನೆಲದ ಮೇಲೆ ಕುಳಿತಳು. ಬೆಂಚು ತೋರಿಸಿದೆ, ಏಳಲಿಲ್ಲ. ನನಗೆ ಗುರುತು ಹತ್ತಲಿಲ್ಲ. ಸೆರಗಿನ ಗಂಟು ಬಿಚ್ಚಿ ಮಡಿಸಿದ ಕಾಗದ ತೆಗೆದಳು. ವೈಜಿನಾಥ ಇಡೀ ಹೊಲವನ್ನು ಬೇಳೆ ವ್ಯಾಪಾರಿಯೊಬ್ಬನಿಗೆ ಮಾರಿದ್ದ. ಟ್ರ್ಯಾಕ್ಟರ್ ತಂದವರು ಕುರಿ ಹಟ್ಟಿಯ ಮುಳ್ಳುಬೇಲಿ ಕಿತ್ತು ಒಗೆದು, ತಗಡಿನ ಕೋಣೆ ಎಂಟು ದಿನದಲ್ಲಿ ಖಾಲಿ ಮಾಡು ಅಂದಿದ್ದರು. ನನ್ನ ಪಾಲು ಇದೆ ಎಂದು ಅವಳು ಜಗಳಕ್ಕೆ ನಿಂತಾಗ ಅವರು ಹಕ್ಕು ಬಿಡುಗಡೆ ಪತ್ರದ ಈ ನಕಲು ಕೊಟ್ಟು ಕಳಿಸಿದ್ದರು.

“ನಾ ಏನು ಬರಕೊಟ್ಟೀನಿ ಅಣ್ಣಾರ? ಓದಿ ಹೇಳ್ರಿ” ಅಂದಳು.

ಓದಿದೆ. ನಾನೇ ಬರೆದ ಆ ಪತ್ರವನ್ನು ಅವಳಿಗೆ ಓದಿ ಹೇಳಿದ್ದು ಅದೇ ಮೊದಲು. ಸದರಿ ಸ್ವತ್ತಿನಲ್ಲಿ ನನಗಿರುವ ಸಮಸ್ತ ಹಕ್ಕನ್ನು ತಮ್ಮನ ಮೇಲಿನ ಪ್ರೀತಿ ವಿಶ್ವಾಸದಿಂದ ಬಿಟ್ಟುಕೊಟ್ಟಿರುತ್ತೇನೆ ಅನ್ನುವ ಸಾಲಿಗೆ ಬಂದಾಗ ಅವಳು “ಅಯ್ಯಯ್ಯೋ” ಅಂದಳು. ಜೋರಾಗಿ ಅಲ್ಲ. ನಾನು ನಿಲ್ಲಿಸಿದೆ. “ನಿಲ್ಲಸಬ್ಯಾಡ್ರಿ, ಪೂರಾ ಓದ್ರಿ” ಅಂದಳು. ಕೊನೆಯ ಸಾಲನ್ನೂ ಓದಿದೆ. ಓದಿಸಿ ಕೇಳಿ, ಒಕ್ಕಣೆ ತಿಳಿದು. ಅಲ್ಲಿ ನನ್ನ ದನಿ ತಾನಾಗಿಯೇ ಇಳಿಯಿತು.

“ವಾರಸಾ ಮಾಡಸ್ತೀನಿ, ಪಹಣಿದಾಗ ನಮ್ಮ ಇಬ್ಬರ ಹೆಸರೂ ಬೀಳ್ತದ ಅಂತ ಹೇಳಿ ಕರ್ಕೊಂಡು ಬಂದಿದ್ದ ರಿ ನಮ್ಮ ತಮ್ಮ” ಅಂದಳು. “ಹಕ್ಕು ಬಿಡಸ್ಕೊಂಡ್ರ ಉಡಿ ತುಂಬ್ತಾರಲ್ರಿ. ನಮ್ಮ ಕಾಕಾನ ಮಗಳಿಗಿ ಇಲ್ಲೇ ಈ ಗಿಡದ ಬುಡಕ್ಕೇ ತುಂಬಿದ್ರು, ನಾ ಕಣ್ಣಾರೆ ನೋಡೀನಿ. ನನಗ ತುಂಬಲಿಲ್ಲ. ಅದಕ್ಕ ಇದು ಹಕ್ಕು ಬಿಡೋ ಕಾಗದ ಅಲ್ಲ ಅಂತ ತಿಳ್ಕೊಂಡೆ ರಿ.”

ಓದು ಬಾರದವಳಿಗೆ ಗೊತ್ತಿದ್ದ ಗುರುತು ಅದೊಂದೇ. ವಿಧವೆ ಎಂದು ಆ ಗುರುತು ಅವಳ ಪಾಲಿಗೆ ಇಲ್ಲದೆ ಹೋಗಿತ್ತು. ಬಾಯಿಂದ ಹೇಳಬೇಕಾದವನು ನಾನು, ಓದಿ ಹೇಳಿದ್ದೇನೆ ಎಂದು ಬರೆದು ಸುಮ್ಮನಾಗಿದ್ದೆ.

ಆ ಕ್ಷಣಕ್ಕೆ ನಾನು ಅವಳಿಗೆ ಮಾಡಿದ ಉಪಕಾರ ಒಂದೇ. ನೋಂದಣಿ ಆದ ಪತ್ರವನ್ನು ಯಾವ ಕಚೇರಿಯೂ ರದ್ದು ಮಾಡಲಾರದು, ಮೋಸ ತಿಳಿದ ದಿನದಿಂದ ಮೂರು ವರ್ಷದೊಳಗೆ ಸಿವಿಲ್ ಕೋರ್ಟಿಗೆ ಹೋಗಬೇಕು ಎಂದು ಹೇಳಿ ಒಬ್ಬ ಒಳ್ಳೆಯ ವಕೀಲೆಯ ಮನೆ ತೋರಿಸಿದೆ. ವಕೀಲೆ ಚಿಕ್ಕ ವಯಸ್ಸಿನವರು, ಚುರುಕು. ಎರಡು ವಾರದಲ್ಲಿ ದಾವೆ ಹಾಕಿದರು. ಪತ್ರ ಮೋಸದಿಂದ ಆದದ್ದು, ಅದು ಅವಳನ್ನು ಕಟ್ಟಿಹಾಕುವುದಿಲ್ಲ, ಅವಳ ಅರ್ಧ ಪಾಲು ಕೊಡಿಸಿ ಅನ್ನುವುದು ದಾವೆ. ಅಷ್ಟರಲ್ಲಿ ತಗಡಿನ ಕೋಣೆ ಬಿದ್ದಿತ್ತು. ಅವಳು ಕುರಿಗಳನ್ನು ಹೊಡೆದುಕೊಂಡು ಊರಿನವರ ಹೊಲಗಳಲ್ಲಿ ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದು ತಂಗುತ್ತಿದ್ದಳು.

ನಮ್ಮ ಕೋರ್ಟಿನ ತಾರೀಖುಗಳ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಅವಳ ಸಾಕ್ಷಿ ನಡೆದದ್ದು 2017ರಲ್ಲಿ. ಅವತ್ತು ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ, ಯಾರೂ ಎಬ್ಬಿಸಲಿಲ್ಲ. ಉಡಿ ತುಂಬದ ಮಾತನ್ನು ಅವಳು ಕಟಕಟೆಯಲ್ಲೂ ಹೇಳಿದಳು. ವೈಜಿನಾಥನ ವಕೀಲರು ಪಾಟೀಸವಾಲಿಗೆ ಎದ್ದರು. ತಲೆನೆರೆದ, ಅನುಭವಸ್ಥ ಮನುಷ್ಯ.

“ನಿನ್ನ ಗಂಡ ಯಾವಾಗ ತೀರ್ಕೊಂಡ?”

“ಭಾಳ ವರ್ಷ ಆಯ್ತು ರಿ.”

“ನಿಮ್ಮ ಮಂದ್ಯಾಗ ಗಂಡ ಸತ್ತವರಿಗಿ ಉಡಿ ತುಂಬೋ ಪದ್ಧತಿ ಅದ ಏನು?”

“ಇಲ್ರಿ” ಅಂದಳು.

“ಮತ್ತ ನಿನಗ್ಯಾರು ತುಂಬ್ತಾರ?”

ಕೋರ್ಟು ಹಾಲಿನಲ್ಲಿ ಒಬ್ಬಿಬ್ಬರು ನಕ್ಕರು. ಬೆರಳಚ್ಚುಗಾರ ಟೈಪ್ ಮಾಡಿದ: “ನನಗೆ ಉಡಿ ತುಂಬುವ ಪದ್ಧತಿ ಇಲ್ಲ ಎಂಬುದು ನಿಜ.” ಅವಳು ಇಳಿದು ಬರುವಾಗ ಸೆರಗನ್ನು ಎರಡೂ ಕೈಯಲ್ಲಿ ಮುದ್ದೆ ಮಾಡಿ ಹಿಡಿದಿದ್ದಳು. ನನಗೆ ಆ ವಕೀಲರ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಅವರಿಗಿಂತ ದೊಡ್ಡ ಪೆಟ್ಟು ಕೊಡಬಲ್ಲವನು ನಾನೇ ಎಂದು ನನಗೆ ಗೊತ್ತಿತ್ತು, ಸಮನ್ಸ್ ಆಗಲೇ ಮನೆಗೆ ಬಂದಿತ್ತು.

ಪತ್ರ ಬರೆದವನು ಅಂದ ಮೇಲೆ ನಾನು ಸಾಕ್ಷಿ ಹೇಳಲೇಬೇಕು. ಕರೆಸಿದ್ದು ವೈಜಿನಾಥನ ಕಡೆಯವರು. ಓದು ಬಾರದ ಹೆಂಗಸು ಹೆಬ್ಬೆಟ್ಟು ಒತ್ತಿದಾಗ ಅವಳಿಗೆ ಪತ್ರ ಓದಿ ತಿಳಿಸಿದ್ದರೋ ಇಲ್ಲವೋ ಅನ್ನುವುದನ್ನು ಕೋರ್ಟು ಮುಖ್ಯವಾಗಿ ನೋಡುತ್ತದೆ. ಅದನ್ನು ಹೇಳುವವರು ಪತ್ರಕ್ಕೆ ಸಹಿ ಹಾಕಿದ ಇಬ್ಬರು ಸಾಕ್ಷಿದಾರರು, ಮತ್ತು ನಾನು. ಆ ಇಬ್ಬರು ನೌಬಾದದ ಅವನ ಗೆಳೆಯರು, ಅವರ ಮಾತಿಗೆ ಅಷ್ಟು ಬೆಲೆ ಇಲ್ಲ. ನನ್ನ ಮಾತಿಗೆ ಇತ್ತು. ಭಾಗೀರಥಿಬಾಯಿಯ ವಕೀಲೆ ಒಮ್ಮೆ ದಾರಿಯಲ್ಲಿ ನಿಲ್ಲಿಸಿ, “ಕೇಸು ನಿಮ್ಮ ಬಾಯಾಗ ಅದ ರೈಟರ್ ಸಾಹೇಬ್ರ. ಖರೆ ಹೇಳ್ರಿ ಸಾಕು, ಬ್ಯಾರೆ ಏನೂ ಬ್ಯಾಡ” ಅಂದಿದ್ದರು.

ಖರೆ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಸಾಕ್ಷಿಯ ಹಿಂದಿನ ದಿನ ನಮ್ಮ ಸಾಲಿನ ರೈಟರುಗಳು ಸುತ್ತುವರಿದರು. ಅವರಲ್ಲಿ ಎಲ್ಲರಿಗಿಂತ ಹಿರಿಯರು, ನನಗೆ ಈ ಕೆಲಸ ಕಲಿಸಿದವರು, ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: “ಓದಿಲ್ಲ ಅಂತ ನೀ ಒಂದ ಸಲ ಅಂದಿ ಅಂದ್ರ ನೀ ಬರದ ಎಲ್ಲಾ ಪತ್ರದ ಮ್ಯಾಲೂ ಸಂಶಯ ಬರ್ತದ. ನಾಳಿ ನಮ್ಮ ಎಲ್ಲರ ಪತ್ರದ ಮ್ಯಾಲೂ ಬರ್ತದ. ಲೈಸೆನ್ಸ್ ಹೋಗ್ತದ. ಒಬ್ಬಾಕಿ ಸಲುವಾಗಿ ಇಷ್ಟು ಮಂದಿ ಹೊಟ್ಟಿ ಮ್ಯಾಲ ಹೊಡೀತಿ ಏನು?” ಆ ಮಾತು ತಪ್ಪೆಂದು ನನಗೆ ಅವತ್ತೂ ಗೊತ್ತಿತ್ತು. ಹೆದರಿದೆ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇಲ್ಲ, ಹುಡುಕಿ ಹೇಳಿದರೆ ಅದೂ ಸುಳ್ಳಾಗುತ್ತದೆ.

ಕಟಕಟೆಯಲ್ಲಿ ಪ್ರಮಾಣ ಮಾಡಿದೆ. ವೈಜಿನಾಥನ ವಕೀಲರು ಪತ್ರ ತೋರಿಸಿದರು.

“ಇದನ್ನು ವಾದಿಗೆ ಓದಿ ಹೇಳಿದ್ದೀರಾ?”

“ಹೌದು. ಓದಿ ಹೇಳಿದ್ದೇನೆ.”

“ಅವರು ಕೇಳಿ ಒಪ್ಪಿದರೇ?”

“ಒಪ್ಪಿದರು.”

ವಕೀಲೆ ಪಾಟೀಸವಾಲಿನಲ್ಲಿ ಮುಕ್ಕಾಲು ಗಂಟೆ ನನ್ನನ್ನು ಹಿಂಡಿದರು. ಅವತ್ತು ಎಷ್ಟು ಪತ್ರ ಬರೆದಿರಿ, ಯಾವ ಹೊತ್ತಿಗೆ ಓದಿದಿರಿ, ಹಕ್ಕು ಬಿಡುವುದು ಎಂದು ಯಾವ ಮಾತಿನಲ್ಲಿ ತಿಳಿಸಿದಿರಿ ಎಂದು ಕೇಳಿದರು. ನಾನು ಕಾಗದದ ಕೆಲಸದಲ್ಲಿ ಪಳಗಿದವನು, ಎಲ್ಲಿಯೂ ಸಿಕ್ಕಿಬೀಳಲಿಲ್ಲ. ಭಾಗೀರಥಿಬಾಯಿ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. ನಾನು ಹೊರಗೆ ಹೋಗುವಾಗ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

2019ರಲ್ಲಿ ದಾವೆ ವಜಾ ಆಯಿತು. ತೀರ್ಪಿನಲ್ಲಿ ನನ್ನ ಸಾಕ್ಷಿಯನ್ನೇ ಆಧಾರ ಮಾಡಿದ್ದರು. ಬರಹಗಾರನು ಅನುಭವಿ, ಯಾವ ಪಕ್ಷದ ಸಂಬಂಧಿಕನೂ ಅಲ್ಲ, ಅವನ ಮಾತನ್ನು ನಂಬದಿರಲು ಕಾರಣವಿಲ್ಲ ಎಂದಿತ್ತು. ನ್ಯಾಯಾಧೀಶರದು ತಪ್ಪಿಲ್ಲ, ಅವರ ಮುಂದೆ ಇದ್ದದ್ದನ್ನು ನೋಡಿ ಬರೆದರು. ಮೂರನೆಯ ದಿನ ವೈಜಿನಾಥ ಪೇಡೆಯ ಡಬ್ಬಿ ತಂದು ಟೇಬಲ್ಲಿನ ಮೇಲಿಟ್ಟ. “ನಿಮ್ಮದ ಒಂದ್ ಮಾತಿನಾಗ ಕೆಲಸಾ ಆಯ್ತು ರೈಟರ್ ಸಾಬ್” ಅಂದ. ಡಬ್ಬಿಯನ್ನು ಅವನ ಮುಖಕ್ಕೆ ಎಸೆದೆ ಎಂದು ಬರೆಯಲು ಈಗ ಆಸೆ ಆಗುತ್ತದೆ. ನಾನು ಒಂದು ಪೇಡೆ ತಿಂದೆ.

ಬೀದರಿನ ಮೇಲಿನ ಕೋರ್ಟಿಗೆ ಅಪೀಲು ಹಾಕಲು ಮೂವತ್ತು ದಿನ ಇರುತ್ತದೆ. ವಕೀಲೆ ನನ್ನ ಮನೆಗೇ ಬಂದರು. ನೀವು ಈಗಾದರೂ ನಿಜ ಬರೆದು ಅಫಿಡವಿಟ್ ಕೊಟ್ಟರೆ ಅಪೀಲಿನಲ್ಲಿ ಇಟ್ಟು ನೋಡುತ್ತೇನೆ, ನಿಮಗೆ ತೊಂದರೆ ಆಗಬಹುದು, ಅದನ್ನು ಮುಚ್ಚಿಡುವುದಿಲ್ಲ ಅಂದರು. ವಿಚಾರ ಮಾಡುತ್ತೇನೆ ಅಂದೆ. ಮೂವತ್ತು ದಿನ ವಿಚಾರ ಮಾಡಿದೆ. ಆಮೇಲೆ ಮೂವತ್ತೊಂದನೆಯ ದಿನ ಬಂದು ಹೋಯಿತು.

ಅದಾಗಿ ಕೆಲವು ವಾರಗಳಿಗೆ ಇಬ್ಬರು ಅಣ್ಣತಮ್ಮಂದಿರು ತಂಗಿಯನ್ನು ಕರೆದುಕೊಂಡು ಬಂದರು. ಅದೂ ಹಕ್ಕು ಬಿಡುಗಡೆ ಪತ್ರವೇ. ಹುಡುಗಿಯ ಕೈಯಲ್ಲಿ ಹಸಿರು ಬಳೆ, ಪಕ್ಕದಲ್ಲಿ ಅತ್ತಿಗೆಯ ಚೀಲದಲ್ಲಿ ಉಡಿಯ ಅಕ್ಕಿ ತಯಾರಾಗಿತ್ತು. ನನಗೆ ಏನಾಯಿತೋ, ಪತ್ರವನ್ನು ಕೈಗೆತ್ತಿಕೊಂಡು ಜೋರಾಗಿ ಓದತೊಡಗಿದೆ. ಒಂದೊಂದು ಸಾಲು ಓದಿ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದೆ. ಪೂರ್ತಿ ಓದಲು ಹನ್ನೊಂದು ನಿಮಿಷ ಹಿಡಿಯಿತು. ಹುಡುಗಿ ಕೇಳಿ, “ಅಂದ್ರ ನನಗ ಮುಂದ ಏನೂ ಇರಲ್ಲಾ? ನಾ ಒಲ್ಲೆ” ಎಂದು ಎದ್ದು ಹೋದಳು. ಅಣ್ಣಂದಿರು ನನ್ನ ಮನೆತನವನ್ನೆಲ್ಲ ತೆಗೆದು ಬಯ್ದು ಪಕ್ಕದ ಟೇಬಲ್ಲಿಗೆ ಹೋದರು. ಅವರ ಬಯ್ಗುಳ ನನ್ನ ಕಿವಿಗೆ ಬೀಳಲೇ ಇಲ್ಲ. ಹನ್ನೊಂದು ನಿಮಿಷ! ಅಷ್ಟನ್ನು ಉಳಿಸಿಕೊಳ್ಳಲು ಹೋಗಿ ನಾನು ಒಬ್ಬಳ ಬದುಕನ್ನು ಬೀದಿಗೆ ಹಾಕಿದ್ದೆ. ಟೇಬಲ್ಲಿನ ಹಿಂದೆ ಕುಳಿತು ಎಲ್ಲರೆದುರು ಅತ್ತೆ.

ಮರುದಿನವೇ ವಕೀಲೆಯ ಹತ್ತಿರ ಹೋಗಿ ಅಫಿಡವಿಟ್ ಕೊಡುತ್ತೇನೆ ಅಂದೆ. ತಡವಾದ ಅಪೀಲನ್ನೂ ಕಾರಣ ತೋರಿಸಿ ಹಾಕಬಹುದು ಎಂದು ನನಗೆ ಗೊತ್ತಿತ್ತು. ಅವರು ಮುಖ ಗಂಟು ಹಾಕಿ, “ಅಕಿ ಒಪ್ಪಿದ್ರ ಹಾಕೂಣು. ನೀವೇ ಹೋಗಿ ಕೇಳ್ರಿ” ಎಂದು ಹಳ್ಳಿಯ ಹೆಸರು ಹೇಳಿದರು. ಔರಾದ ತಾಲೂಕಿನ ಆ ಹಳ್ಳಿ, ಗಂಡನ ಮನೆ. ಹೊರಗೆ ಹಾಕಿದವರ ಬಾಗಿಲಿಗೇ ಅವಳು ವಾಪಸು ಹೋಗಬೇಕಾಗಿ ಬಂದಿತ್ತು.

ಭಾಲ್ಕಿಯಿಂದ ಬೀದರ, ಬೀದರಿನಿಂದ ಔರಾದ, ಅಲ್ಲಿಂದ ಒಂದು ಟಂಟಂ ಆಟೊ ಹಿಡಿದು ಆ ಹಳ್ಳಿ ಮುಟ್ಟಿದಾಗ ಮಧ್ಯಾಹ್ನ. ಮೈದುನರ ಮನೆಯ ಹಿಂದೆ ದನದ ಕೊಟ್ಟಿಗೆ, ಅದರ ಒಂದು ಮೂಲೆಗೆ ಗೋಣಿತಾಟು ಕಟ್ಟಿ ಅವಳಿಗೆ ಜಾಗ ಮಾಡಿದ್ದರು. ಸೆಗಣಿ ಬಾಚುತ್ತಿದ್ದಳು. ನನ್ನನ್ನು ನೋಡಿ ಕೈ ತೊಳೆದು ಬಂದಳು. ಕುರಿಗಳು ಎಲ್ಲಿ ಎಂದು ಕೇಳಿದೆ. ನಿಲ್ಲಿಸಲು ಹೊಲ ಇಲ್ಲದ ಮೇಲೆ ಹಿಂಡನ್ನು ಸಾಕಲು ಆಗದೆ ಎಲ್ಲವನ್ನೂ ಕೊಟ್ಟುಬಿಟ್ಟಿದ್ದಳು. ಐವತ್ತು ದಾಟಿದ ಹೆಂಗಸು ಎಪ್ಪತ್ತರವಳ ಹಾಗೆ ಕಾಣುತ್ತಿದ್ದಳು.

ನಿಂತಲ್ಲೇ ಹೇಳಿದೆ. ನಾನು ಪತ್ರ ಓದಿರಲಿಲ್ಲ, ಕೋರ್ಟಿನಲ್ಲಿ ಸುಳ್ಳು ಹೇಳಿದೆ, ತಪ್ಪಾಯಿತು ತಂಗಿ, ಈಗ ಬೀದರಿಗೆ ಬಂದು ಖರೆ ಹೇಳುತ್ತೇನೆ, ಜೈಲಿಗೆ ಹಾಕಿದರೂ ಹಾಕಲಿ ಅಂದೆ. ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಹಿಂದಕ್ಕೆ ಸರಿದಳು.

“ಬ್ಯಾಡ್ರಿ ಅಣ್ಣಾರ” ಅಂದಳು. “ನೀವು ಹೆಸರು ಅದ ಅಂದ್ರಿ, ನಾ ನಂಬಿದೆ. ನೀವು ಓದೀನಿ ಅಂದ್ರಿ, ಜಜ್ ಸಾಹೇಬ್ರು ನಂಬಿದ್ರು. ಈಗ ಓದಿಲ್ಲ ಅಂತೀರಿ. ಇನ್ನ ಯಾರ್ ನಂಬಬೇಕ್ರಿ ನಿಮಗ?”

ಅವಳು ಮತ್ತೆ ಬುಟ್ಟಿ ಎತ್ತಿಕೊಂಡಳು. “ಬಸ್ ಹೋಗ್ತದ, ಹೊಂಡ್ರಿ” ಅಂದಳು.

ಅಫಿಡವಿಟ್ ಬರೆದು ವಕೀಲೆಯ ಟೇಬಲ್ಲಿನ ಮೇಲೆ ಇಟ್ಟು ಬಂದೆ. ಅವರು ಓದಿ ಅವಳ ಮಾತನ್ನೇ ಕಾನೂನಿನ ಭಾಷೆಯಲ್ಲಿ ಹೇಳಿದರು: ಪ್ರಮಾಣ ಮಾಡಿ ಒಂದು ಹೇಳಿ, ಆಮೇಲೆ ಅದಕ್ಕೆ ಉಲ್ಟಾ ಹೇಳಿದ ಸಾಕ್ಷಿಯ ಎರಡು ಮಾತಿಗೂ ಬೆಲೆ ಇಲ್ಲ, ಕಕ್ಷಿದಾರಳು ಬೇಡ ಅಂದ ಮೇಲೆ ಹಾಕುವಂತೆಯೂ ಇಲ್ಲ. ಅಪೀಲು ಆಗಲಿಲ್ಲ. ನನಗೆ ಯಾವ ಶಿಕ್ಷೆಯೂ ಆಗಲಿಲ್ಲ. ಅಲ್ಲಿಂದ ಮುಂದೆ ಮೂರು ವರ್ಷ ಕೆಲಸ ಮಾಡಿದೆ, ಪ್ರತಿ ಪತ್ರವನ್ನೂ ಓದಿ ಹೇಳಿದೆ, ಪಾರ್ಟಿಗಳು ಕಡಿಮೆಯಾಗುತ್ತ ಬಂದವು. 2022ರಲ್ಲಿ ಬಿಟ್ಟಾಗ ಜೊತೆಗಾರರು ಶಾಲು ಹೊದಿಸಿ, ಕಳಂಕವಿಲ್ಲದ ಸೇವೆ ಎಂದು ಭಾಷಣ ಮಾಡಿದರು.

ಈ ಕೆಲಸ ಕಲಿಸಿದ್ದನ್ನು ಹೇಳಿ ಮುಗಿಸುತ್ತೇನೆ. ಅಪ್ಪನ ಆಸ್ತಿಯ ಕಾಗದಕ್ಕೆ ಕರೆದರೆ, ಕರೆದವನು ತಮ್ಮನಾಗಲಿ, ಮಗನಾಗಲಿ, ಅವನಿಗೆ ಸಂಬಂಧವಿಲ್ಲದ ಒಬ್ಬರ ಕೈಯಲ್ಲಿ ಅದನ್ನು ಪೂರ್ತಿ ಓದಿಸಿ ಕೇಳಿ. ನನ್ನ ಕೆಲಸದವರಿಗೆ ಹೇಳುವುದು ಇನ್ನೂ ಚಿಕ್ಕದು: ಮಾಡದ್ದನ್ನು ಮಾಡಿದ್ದೇನೆ ಎಂದು ಬರೆಯಬೇಡಿ. ಬರೆದಾಗಿದ್ದರೆ, ಕೇಳಿದ ದಿನವೇ ನಿಜ ಹೇಳಿಬಿಡಿ. ನಿಜ ಹೇಳಲು ನನಗೂ ಒಂದು ದಿನ ಸಿಕ್ಕಿತ್ತು, ಕಟಕಟೆ ಹತ್ತಿದ ದಿನ. ಆಮೇಲೆ ನಾನು ಹೇಳಿದ್ದು ನಿಜವೇ ಆದರೂ ಅದರಿಂದ ಯಾರಿಗೂ ಒಂದು ಗುಂಟೆ ನೆಲ ವಾಪಸು ಬರಲಿಲ್ಲ. ಭಾಗೀರಥಿಬಾಯಿ ಇನ್ನೂ ಅದೇ ಹಳ್ಳಿಯ ಅದೇ ಕೊಟ್ಟಿಗೆಯಲ್ಲಿ ಇದ್ದಾಳೆ ಎಂದು ಕೇಳಿದ್ದೇನೆ. ಅವಳನ್ನು ಅಲ್ಲಿಗೆ ಕಳಿಸಿದವರಲ್ಲಿ ತಮ್ಮನ ಹೆಸರು ಎರಡನೆಯದು, ಮೊದಲನೆಯದು ನನ್ನದು.